ಮಣ್ಣೆತ್ತಿನ ಶ್ರೇಷ್ಠತೆ: ಒಂದು ಶಾಸ್ತ್ರೀಯ ವಿವೇಚನೆ

ಎತ್ತುಗಳಲ್ಲಿ ಎರಡು ಪ್ರಭೇದ: ತೊಗಲಿನದು, ಮಣ್ಣಿನದು. ತೊಗಲೆತ್ತಿಗೆ ಕಾರಹುಣ್ಣಿಮೆ, ಹದಿನೈದು ದಿನ ಬಿಟ್ಟು ಮಣ್ಣೆತ್ತಿಗೆ ಅಮಾವಾಸ್ಯೆ. ಇವೆರಡರಲ್ಲಿ ಮೇಲು ಯಾವುದು? ಪೂರ್ವಸೂರಿಗಳು ಏನೇನನ್ನೋ ಎತ್ತಿದ್ದಾರೆ, ಎತ್ತಿನ ಪ್ರಶ್ನೆ ಎತ್ತಿಲ್ಲ. ಈ ಕೊರತೆ ನೀಗಲು ಪ್ರಬಂಧಕಾರನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಕೈಗೊಂಡನು. ಅಂದರೆ, ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತನು.

ಮೂಡಲಗಿ ಪಂಥದ ನೆಲೆ ದನದ ಸಂತೆ. ಇಲ್ಲಿ ಜ್ಞಾನವು ಬಾಯಿಂದ ಹುಟ್ಟುತ್ತದೆ, ಎತ್ತಿನ ಬಾಯಿಂದ. ತುಟಿ ಎಳೆದು ನೋಡಿದರೆ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ತಿಳಿಯುತ್ತದೆ. ಬೆಲೆಯನ್ನು ಮಾತ್ರ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುದುರಿಸುತ್ತಾರೆ. ಎತ್ತಿನ ಎದುರು ಅದರ ಬೆಲೆ ಬಾಯಿಬಿಟ್ಟು ಆಡದ ಈ ದಾಕ್ಷಿಣ್ಯವೇ ಪ್ರಾಣಿದಯೆಯ ಪರಾಕಾಷ್ಠೆ.

ಗೋಕಾಕ ಪಂಥದ್ದು ಬಂಡಿ ಓಟ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಇದನ್ನು ಕ್ರೌರ್ಯವೆಂದಿತು. 2017ರಲ್ಲಿ ಕರ್ನಾಟಕವು ತನ್ನ ಮಟ್ಟಿಗೆ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೀಗೆ ಒಂಬತ್ತು ವರ್ಷದಲ್ಲಿ ಓಟಕ್ಕೆ ಕ್ರೌರ್ಯದಿಂದ ಸಂಸ್ಕೃತಿಗೆ ಬಡ್ತಿ ಸಿಕ್ಕಿತು. ಈ ಅವಧಿಯಲ್ಲಿ ಎತ್ತಿನ ಬೆನ್ನು ಬದಲಾದದ್ದಕ್ಕೆ ಪುರಾವೆ ಸಿಕ್ಕಿಲ್ಲ.

ಹುಕ್ಕೇರಿ ಪಂಥವೇ ಗಹನ. ಸಂಕೇಶ್ವರದ ಹಾದಿಯ ಏರಿನಲ್ಲಿ ಬಸ್ಸು ಕಬ್ಬಿನ ಗಾಡಿಯ ಹಿಂದೆ ಸಿಕ್ಕಿಕೊಂಡಿತು. ಇಳಿದೆ. ಎಡಗಡೆಯ ಎತ್ತಿನ ಹೆಗಲ ಮೇಲೆ, ನೊಗ ಕೂರುವಲ್ಲಿ, ಅಂಗೈಯಗಲ ತೊಗಲು ಕಿತ್ತು ಕೆಂಪಗಾಗಿತ್ತು. ಗಾಡಿಯವ ತನ್ನ ಧೋತರದ ತುದಿ ಹರಿದು ನೊಗಕ್ಕೆ ಮೆತ್ತೆ ಸುತ್ತಿದ್ದ. ಅದೂ ತೊಯ್ದಿತ್ತು.

"ಎಷ್ಟ ಟನ್ ಐತಿ ಕಾಕಾ?"

"ಎರಡೂವರಿ ಇರಬೇಕ್ರಿ."

"ಅದಕ್ಕ ಒಂದ್ ನಿಯಮ ಐತಲ್ರೀ..."

"ನಿಯಮ ಎತ್ತಿಗೂ ಗೊತ್ತಿಲ್ರಿ, ನನಗೂ ಗೊತ್ತಿಲ್ಲ. ಕಾಟಾದ ಮ್ಯಾಲ ಏನ್ ಬರ್ತೈತಿ, ಅಷ್ಟಕ್ಕ ರೊಕ್ಕ."

ಬೆಂಥಮ್‌ನಿಂದ ಹಿಡಿದು ಪೀಟರ್ ಸಿಂಗರ್‌ವರೆಗೆ ಪ್ರಾಣಿಗಳ ನೋವಿನ ಬಗ್ಗೆ ಚಿಂತಿಸಿದ ಯಾವ ದಾರ್ಶನಿಕನೂ ತೂಕದ ಕಾಟಾದ ಹತ್ತಿರ ಸುಳಿದಿಲ್ಲ. ನಿಯಮವೇನೋ ಇದೆ, 1965ರದು: ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಸತತವಾಗಿ ಐದು ತಾಸು ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು. ಹೊರೆಗೂ ಮಿತಿಯುಂಟು. ಎತ್ತಿಗೆ ಗಡಿಯಾರ ಕಟ್ಟುವ ಪದ್ಧತಿ ಇಲ್ಲದ್ದರಿಂದ ಇದು ಇನ್ನೂ ಚರ್ಚೆಯ ಹಂತದಲ್ಲಿದೆ. (ಕಾರ್ಖಾನೆಯ ಸರದಿಯಲ್ಲಿ ರಾತ್ರಿ ಗಾಡಿಯ ಕೆಳಗೇ ಮಲಗುವ ಕಾಕಾನ ತಾಸುಗಳನ್ನು ಎಣಿಸುವ ನಿಯಮ ಯಾವುದೆಂದು ಕೇಳಬೇಡಿ, ಅದು ಬೇರೆ ಪ್ರಬಂಧ.)

ಈಗ ಸಿದ್ಧಾಂತ. ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ, ಮೈಮೇಲೆ ಝೂಲ, ಬಾಯಿಗೆ ಹೋಳಿಗೆ. ಅರಿಶಿನ-ಎಣ್ಣೆ ಹಚ್ಚುವುದು ಎಲ್ಲಿಗೆ? ಅದೇ ಹೆಗಲಿಗೆ. ಹುಣ್ಣನ್ನೂ ಹಬ್ಬವನ್ನೂ ಒಂದೇ ಜಾಗದಲ್ಲಿ ಕೂರಿಸುವ ಈ ಮಿತವ್ಯಯ ಜಗತ್ತಿನ ಬೇರಾವ ದರ್ಶನದಲ್ಲೂ ಇಲ್ಲ. ಮಣ್ಣೆತ್ತಾದರೋ ಜಗುಲಿ ಮೇಲೆ ಕೂತು ಎಡೆ ಉಣ್ಣುತ್ತದೆ. ಅದಕ್ಕೆ ಮೂಗುದಾರವಿಲ್ಲ, ಕಾಟಾ ಇಲ್ಲ. ಕೈತಪ್ಪಿ ಕಾಲು ಮುರಿದರೆ ಮನೆಯವರೆಲ್ಲ ಅಯ್ಯೋ ಎನ್ನುತ್ತಾರೆ. ಆದ್ದರಿಂದ ಮಣ್ಣೆತ್ತೇ ಮೂಲ. ತೊಗಲಿನದು ಅದರ ಕೆಟ್ಟ ನಕಲು.

ದಂಡದ ವಿಚಾರದಲ್ಲೂ ಇದು ಸಿದ್ಧವಾಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ, ತೊಗಲೆತ್ತನ್ನು ಹಿಂಸಿಸಿದ ಮೊದಲ ತಪ್ಪಿಗೆ ದಂಡ ಕಡಿಮೆಯೆಂದರೆ 10 ರೂಪಾಯಿ, ಹೆಚ್ಚೆಂದರೆ 50. ಪ್ರಬಂಧಕಾರ ಈ ಸಲ ಸಂತೆಯಿಂದ ತಂದ ಮಣ್ಣೆತ್ತಿನ ಜೋಡಿಗೆ 60 ಬಿತ್ತು.