ಡಯಟೀಷಿಯನ್: ಮಾಡುವ ವಿಧಾನ

ಆಹಾರ ಮತ್ತು ಪೋಷಣೆಯಲ್ಲಿ ಎಂ.ಎಸ್ಸಿ. ಎರಡು ವರ್ಷದ ಕೋರ್ಸು. ಸೀಟು ಸಿಕ್ಕ ಸುದ್ದಿ ಊರು ಮುಟ್ಟುವಷ್ಟರಲ್ಲಿ ಅದು ‘ಅಡುಗೆ ಓದು’ ಆಗಿರುತ್ತದೆ. ಅಡುಗೆಗೂ ಎಂ.ಎಸ್ಸಿ. ಬೇಕೇ ಎಂದು ಮೂಗು ಮುರಿದ ಸೋದರತ್ತೆಯೇ ಮುಂದಿನ ಮದುವೆಮನೆಯಲ್ಲಿ, ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ತೂಕ ಇಳಿಯಲು ಏನು ತಿನ್ನಬೇಕು ಎಂದು ಕೇಳುತ್ತಾರೆ. ವಿದ್ಯಾರ್ಥಿನಿ ಬಾಯಿ ತೆರೆಯುವ ಮೊದಲೇ ಪಕ್ಕದ ಎಲೆಯವರು ಉತ್ತರ ಕೊಟ್ಟಾಗಿರುತ್ತದೆ: ಜೀರಿಗೆ ನೀರು.

ಮೊದಲ ವರ್ಷ ಅಂಕಿಗಳದು. ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4 ಕ್ಯಾಲೊರಿ, ಪ್ರೋಟೀನಿಗೂ 4, ಕೊಬ್ಬಿಗೆ 9. ಆಧಾರಗ್ರಂಥವೆಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ. 528 ಪದಾರ್ಥಗಳ ಜಾತಕ ಅದರಲ್ಲಿದೆ. ಈ ಸಂಸ್ಥೆ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ಕೈಯಲ್ಲಿ, ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಶುರುವಾದದ್ದು. ಮಂಡ್ಯ, ಹಾಸನದ ಕಡೆಯಿಂದ ಬಂದವಳಿಗೆ ಕೋಷ್ಟಕದಲ್ಲಿ ಸಂಕಟದ ಜಾಗ ರಾಗಿಯದು. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿ.ಗ್ರಾಂ., ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಇಲ್ಲಿಯವರೆಗೆ ಊರಿನ ಮಾನ ಉಳಿಯಿತು. ಕ್ಯಾಲೊರಿಗೆ ಬಂದರೆ ಅಕ್ಕಿ ಸುಮಾರು 356, ರಾಗಿ ಸುಮಾರು 320. ವ್ಯತ್ಯಾಸ ಅಷ್ಟೇ. ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದೆಂದು ರಾತ್ರಿ ಮೂರು ಮುದ್ದೆ ನುಂಗುವ ಅಪ್ಪನಿಗೆ ಇದನ್ನು ಹೇಳುವುದು ಹೇಗೆ ಎಂಬುದು ಸಿಲಬಸ್ಸಿನಲ್ಲಿಲ್ಲ.

ಹಾಸ್ಟೆಲಿನಲ್ಲಿ ಇದೇ ವಿದ್ಯಾರ್ಥಿನಿ ಮಧ್ಯರಾತ್ರಿ ಬಯೋಕೆಮಿಸ್ಟ್ರಿ ಓದುತ್ತ ನಿಪ್ಪಟ್ಟು ಕಡಿಯುತ್ತಾಳೆ. ಈ ಬಗ್ಗೆ ಹೆಚ್ಚು ವಿವರ ಅನಗತ್ಯ.

ಇಂಟರ್ನ್‌ಶಿಪ್ಪಿನ ಮೊದಲ ಘಟ್ಟ ಆಸ್ಪತ್ರೆಯ ಅಡುಗೆಮನೆ. ಮೂತ್ರಪಿಂಡ ಸೋತು ಪೊಟ್ಯಾಸಿಯಂ ಏರಿದವರಿಗೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಅಡುಗೆಯವರು ಪಾತ್ರೆ ಬಗ್ಗಿಸುವಾಗ ಮುಖ ಆಚೆ ತಿರುಗಿಸುತ್ತಾರೆ, ಸಾರಮ್ಮನೇ ಮೋರಿಗೆ ಹೋದಳು ಎಂಬಂತೆ. ಅಷ್ಟು ಕಷ್ಟಪಟ್ಟು ಪೊಟ್ಯಾಸಿಯಂ ಇಳಿಸಿದ ಪಲ್ಯ ವಾರ್ಡಿಗೆ ಹೋದರೆ, ನೋಡಲು ಬಂದ ನೆಂಟರು ತಂದ ಎಳನೀರು ಅಲ್ಲಿ ಕಾಯುತ್ತಿರುತ್ತದೆ. ಪೊಟ್ಯಾಸಿಯಂ ತುಂಬಿರುವುದರಿಂದ ಆ ರೋಗಿ ಮುಟ್ಟಲೇಬಾರದ ಪಾನೀಯ ಅದು. ನೆಂಟರ ಪ್ರಕಾರ ದೇಹಕ್ಕೆ ತಂಪು.

ನಿಜವಾದ ವಿದ್ಯೆ ಇರುವುದು ವಾರ್ಡಿನಲ್ಲಿ. ಹಿಂದಿನ 24 ಗಂಟೆಗಳಲ್ಲಿ ತಿಂದದ್ದನ್ನೆಲ್ಲ ರೋಗಿಯ ಬಾಯಿಂದ ಹೊರಡಿಸಿ ಬರೆದುಕೊಳ್ಳಬೇಕು. ಕೈಯಲ್ಲಿ ಅಳತೆಯ ಬಟ್ಟಲು, ಚಮಚ, ಲೋಟ. ಪೊಲೀಸರಿಗಾದರೂ ಲಾಠಿ ಇದೆ.

“ಬೆಳಿಗ್ಗೆ ಏನು ತಿಂದ್ರಿ ಅಜ್ಜಿ?”

“ಏನ್ ತಿಂತೀನವ್ವ, ಬರೀ ಕಾಫಿ.”

“ಕಾಫಿ ಜೊತೆ?”

“ರಸ್ಕ್ ಅದ್ಕೊಂಡೆ.”

“ಎಷ್ಟು?”

ಅಜ್ಜಿ ಮಗನನ್ನು ನೋಡುತ್ತಾರೆ. ಮಗ ಫ್ಯಾನು ನೋಡುತ್ತಾನೆ. “ನಾಕೋ ಐದೋ. ಅದೂ ಒಂದು ತಿನ್ನೋದಾ?”

ಆದ್ದರಿಂದ ಅನುಭವಸ್ಥರು ನೇರವಾಗಿ ಕೇಳುವುದಿಲ್ಲ. ಅನ್ನ ಎಷ್ಟು ಉಣ್ಣುತ್ತೀರಿ ಎನ್ನುವ ಬದಲು, ಮನೆಯಲ್ಲಿ ಹೊತ್ತಿಗೆ ಎಷ್ಟು ಪಾವು ಅಕ್ಕಿ ಇಡುತ್ತೀರಿ, ಎಷ್ಟು ಜನ ಎಂದು ಕೇಳುತ್ತಾರೆ. “ಎಣ್ಣೆ ಮುಟ್ಟೋದೇ ಇಲ್ಲ” ಎಂಬ ಮನೆಯಲ್ಲಿ ತಿಂಗಳಿಗೆ ಎಷ್ಟು ಪ್ಯಾಕೆಟ್ ಎಂಬ ಪ್ರಶ್ನೆ ಬರುತ್ತದೆ. ನಾಲ್ಕು ಜನಕ್ಕೆ ನಾಲ್ಕು ಲೀಟರ್ ಎಂದರೆ ತಲೆಗೆ ದಿನಕ್ಕೆ 33 ಮಿ.ಲೀ. ಲೆಕ್ಕ ಹೇಳಿದ ಮೇಲೆ ಮೌನ. ಆಮೇಲೆ ಹೆಂಡತಿ ನಿಧಾನವಾಗಿ, ಗಂಡ ಭಾನುವಾರದ ಬಜ್ಜಿಗೆ ಹೇಗೆ ಪೀಡಿಸುತ್ತಾರೆಂದು ವಿವರಿಸತೊಡಗುತ್ತಾರೆ. ಸಂಸಾರದ ಹಳೆಯ ಕಡತಗಳೆಲ್ಲ ಬಿಚ್ಚಿಕೊಳ್ಳುತ್ತವೆ. ವಿದ್ಯಾರ್ಥಿನಿ ಎಣ್ಣೆಯನ್ನಷ್ಟೇ ಬರೆದುಕೊಳ್ಳಬೇಕು.

ರಕ್ತದೊತ್ತಡದವರ ವಾರ್ಡಿನಲ್ಲಿ ಉಪ್ಪಿನ ಕಾವಲು. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂ ಮೀರಬಾರದು. ಅಂದರೆ ಒಂದು ಟೀ ಚಮಚ, ಅದೂ ತಲೆ ತಟ್ಟಿದ್ದು. ಉಪ್ಪು ಕಡಿಮೆ ಹಾಕಿದ ಸಾರನ್ನು ತಕರಾರಿಲ್ಲದೆ ಉಂಡು ತಟ್ಟೆ ಖಾಲಿ ಮಾಡಿದ ರೋಗಿಯನ್ನು ಹೊಸಬರು ಮೆಚ್ಚಿಕೊಳ್ಳುತ್ತಾರೆ. ಹಳಬರು ಮಂಚದ ಪಕ್ಕದ ಲಾಕರ್ ತೆರೆಯುತ್ತಾರೆ. ಫ್ಲಾಸ್ಕಿನ ಹಿಂದೆ, ಮಡಿಸಿದ ಟವೆಲಿನೊಳಗೆ, ಹಾರ್ಲಿಕ್ಸ್ ಬಾಟಲಿ. ಅದರೊಳಗೆ ಮಿಡಿ ಉಪ್ಪಿನಕಾಯಿ.

ಕೊನೆಗೆ ಪ್ರಬಂಧ ಬರೆದು, ಡಿಗ್ರಿ ತೆಗೆದುಕೊಂಡು, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದರೆ ಹೆಸರಿನ ಮುಂದೆ ‘ಆರ್‌.ಡಿ.’, ಅಂದರೆ ನೋಂದಾಯಿತ ಡಯಟೀಷಿಯನ್, ಎಂದು ಹಾಕಿಕೊಳ್ಳಬಹುದು. ವಾರ್ಡು ಕಂಡವರಿಗೆ ಪ್ರಶ್ನೆಪತ್ರಿಕೆ ಹೆದರಿಸುವುದಿಲ್ಲ. ಅದರಲ್ಲಿ ಬರುವ ರೋಗಿ ಬಲು ಸಭ್ಯ: ಎತ್ತರ, ತೂಕ, ವಯಸ್ಸು ಕೇಳುವ ಮೊದಲೇ ಹೇಳುತ್ತಾನೆ, ತಿಂದದ್ದನ್ನು ಗ್ರಾಮಿನಲ್ಲಿ ಒಪ್ಪಿಸುತ್ತಾನೆ, ಅವನಿಗೆ ಲಾಕರ್ ಇಲ್ಲ, ನೆಂಟರೂ ಇಲ್ಲ.