ಪೆಡಲು ಸಂಕಥನ: ಟಿ.ಬಿ. ಡ್ಯಾಂ ಪರಿಸರದ ಒಂದು ತಾತ್ವಿಕ ಪೂರ್ವಪೀಠಿಕೆ

1. ಪ್ರಸ್ತಾವನೆ

ಸೈಕಲ್ ಎಂದರೆ ಎರಡು ಗಾಲಿ, ಒಂದು ಸೀಟು ಎಂಬ ಮೌಢ್ಯ ನಮ್ಮಲ್ಲಿ ಇಂದಿಗೂ ಬೇರೂರಿದೆ. ಈಚಿನ ವಿದ್ವತ್ ಪರಿಪ್ರೇಕ್ಷ್ಯದಲ್ಲಿ ಅದು ದೇಹಕ್ಕೂ ದಾರಿಗೂ ನಡುವಿನ ಚಕ್ರೀಯ ಅನುಸಂಧಾನ. ಪೆಡಲು ತುಳಿಯುವವನು ಕರ್ತೃವೋ, ತುಳಿತಕ್ಕೊಳಗಾದವನೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈ ಪ್ರಬಂಧಕ್ಕೆ ಪ್ರೇರಣೆ ಒಂದು ವಿಚಾರ ಸಂಕಿರಣ. ಸುಸ್ಥಿರ ಸಂಚಾರದ ಮೇಲಿನ ಆ ಗೋಷ್ಠಿಗೆ ಹದಿನಾಲ್ಕು ವಿದ್ವಾಂಸರು ಬಂದಿದ್ದರು. ಹದಿನಾಲ್ಕು ಕಾರುಗಳೂ ಬಂದಿದ್ದವು. ಸೈಕಲ್ ಮೇಲೆ ಬಂದವನು ನಾನೊಬ್ಬನೇ. ವಾಚ್‌ಮನ್ ಗೇಟಿನಲ್ಲೇ ತಡೆದು, 'ಅಡಿಗಿಯವ್ರು ಹಿಂದಿನ ಬಾಗಲಕ್ಕ ಹೋಗ್ರಿ' ಅಂದ. ಒಳಗೆ 'ಅಂಚಿನ ಸಂಚಾರಿಯ ಅನನ್ಯತೆ' ಕುರಿತು ದಿಕ್ಸೂಚಿ ಭಾಷಣ ನಡೆದಿತ್ತು.

2. ಪ್ರಾಕ್ಕಲ್ಪನೆ, ಕಾರ್ಯಕ್ಷೇತ್ರ, ಸಲಕರಣೆ

ಕರಾವಳಿ, ಮಲೆ, ನದಿಕಣಿವೆ ಮೂರನ್ನೂ ಒಂದೇ ದಿನದಲ್ಲಿ ಸೈಕಲ್ ಮೇಲೆ ಸುತ್ತಲು ಪರದೇಶಕ್ಕೇ ಹೋಗಬೇಕೆಂಬುದು ಪೂರ್ವಸೂರಿಗಳ ಮತ. ತುಂಗಭದ್ರಾ ಅಣೆಕಟ್ಟಿನ ಊರಾದ ಟಿ.ಬಿ. ಡ್ಯಾಂನಲ್ಲಿ ಮನೆಯಿರುವವನಿಗೆ ಆ ಖರ್ಚು ಬೇಕಿಲ್ಲ ಎಂಬುದು ಪ್ರಸ್ತುತ ಅಧ್ಯಯನದ ಪ್ರಾಕ್ಕಲ್ಪನೆ. ಮಾರ್ಗ: ಡ್ಯಾಂ, ಹೊಸಪೇಟೆ, ಸಂಡೂರು, ತೋರಣಗಲ್ಲು, ದರೋಜಿ, ಕಂಪ್ಲಿ, ಕಮಲಾಪುರ, ಹಂಪಿ, ಮತ್ತೆ ಡ್ಯಾಂ. ಸಲಕರಣೆ: ಅಪ್ಪನ ಕಾಲದ ಅಟ್ಲಾಸ್ ಸೈಕಲ್ ಒಂದು, ನೀರಿನ ಬಾಟಲಿ ಎರಡು, ಟವೆಲ್ಲು ಒಂದು, ಹೊಸಪೇಟೆಯಲ್ಲಿ ತಿಂದ ಒಗ್ಗರಣೆ ಮಿರ್ಚಿ ಒಂದೂವರೆ ಪ್ಲೇಟು.

ಹೊರಟಾಗಿನಿಂದಲೂ ಚೈನಿನಲ್ಲಿ ಕಿರ್ರ್ ಕಿರ್ರ್ ಎಂಬ ಸದ್ದು. ಆನಂದವರ್ಧನನ ಧ್ವನಿಸಿದ್ಧಾಂತದ ಬೆಳಕಿನಲ್ಲಿ ನೋಡಿದರೆ ಇದು ಬರೀ ಸದ್ದಲ್ಲ. ವಾಚ್ಯಾರ್ಥ ಕಿರ್ರ್; ವ್ಯಂಗ್ಯಾರ್ಥ ಆಧುನಿಕತೆಯೊಡನೆ ಪರಂಪರೆಯ ಘರ್ಷಣೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದೆ ಹೋದೆ.

3. ಭೂಭಾಗಗಳ ವರ್ಗೀಕರಣ

3.1 ಕರಾವಳಿ. ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ ಎಂಬುದು ಕ್ಷುಲ್ಲಕ ಆಕ್ಷೇಪ. ಹಿನ್ನೀರಿನ ಅಂಚಿಗೆ ನಿಂತರೆ ಆಚೆ ದಡ ಕಾಣುವುದಿಲ್ಲ. ಅಲೆಯಿದೆ, ಗಾಳಿಯಿದೆ, ಬಲೆ ಕೊಡವುವ ಬೆಸ್ತರಿದ್ದಾರೆ, ಹರಿಗೋಲುಗಳಿವೆ. ಲಕ್ಷಣಗಳೆಲ್ಲ ಸಿದ್ಧಿಸಿದವು. ಆದರೆ ಈ ಕರಾವಳಿಯನ್ನು ಪ್ರಕೃತಿ ಕೊಡಲಿಲ್ಲ. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನಲ್ಲಿ 1953ರ ಹೊತ್ತಿಗೆ ನೀರು ನಿಂತಿತು; ನಾರಾಯಣದೇವರಕೆರೆ ಎಂಬ ತುಂಬಿದ ಊರು ಆ ನೀರಿನಡಿ ಹೋಗಿ, ಜನ ಮರಿಯಮ್ಮನಹಳ್ಳಿಗೆ ಬಂದರು. ಈಗ ಅಲ್ಲಿ ಸೂರ್ಯಾಸ್ತದ ಫೋಟೋ ಚೆನ್ನಾಗಿ ಬರುತ್ತದೆ.

3.2 ಮಲೆ. ಇದರಲ್ಲಿ ಎರಡು ಉಪಪ್ರಭೇದ: ಹಸಿರು ಮಲೆ, ಕೆಂಪು ಮಲೆ. ಮಳೆಗಾಲ ಕಳೆದ ಮೇಲೆ ಸಂಡೂರಿನ ಬೆಟ್ಟಗಳು ಮಲೆನಾಡಿಗೆ ಸವಾಲು ಹಾಕುವಷ್ಟು ಹಸಿರು; ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲಿ ಪಾರ್ವತಿಯ ಗುಡಿ, ಸುತ್ತ ಕಾಡು. ಎರಡನೆಯದು ಗಣಿ ಅಗೆದ ಮಲೆ. ಇಲ್ಲಿ ಸವಾರನ ವರ್ಣಪಲ್ಲಟ ಎಂಬ ವಿದ್ಯಮಾನ ಘಟಿಸುತ್ತದೆ. ಬಿಳಿ ಅಂಗಿ ಮೊದಲ ಲಾರಿಗೆ ಗೋಧಿಬಣ್ಣ, ಹತ್ತನೆಯದಕ್ಕೆ ಇಟ್ಟಿಗೆ, ಆಮೇಲೆ ಎಣಿಕೆ ತಪ್ಪುತ್ತದೆ. 3.2.1ರಲ್ಲಿ ಹಾರ್ನುಗಳನ್ನು ಕರುಣ, ರೌದ್ರ, ಬೀಭತ್ಸ ಎಂದು ವಿಂಗಡಿಸುವ ಯೋಜನೆಯಿತ್ತು. ಕೈಬಿಟ್ಟಿದ್ದೇನೆ. ಕೈಬಿಟ್ಟ ಜಾಗ ಯಾವುದೆಂದರೆ, ಲಾರಿಯೊಂದು ಮೈಮೇಲೆ ಬಂದಂತೆ ಬಂದು ನನ್ನನ್ನು ಜಾಲಿಗಿಡಕ್ಕೆ ಇಳಿಸಿದ ತಿರುವು. ಮುಳ್ಳು ಕೀಳುತ್ತ ಕೂತಿದ್ದಾಗ ಎಂಟು ಹತ್ತು ಹುಡುಗಿಯರು ಶಾಲೆ ಬಿಟ್ಟು ನಡೆದು ಹೋದರು, ಮೂಗಿಗೆ ವೇಲು ಒತ್ತಿಕೊಂಡು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿತು, ಆಮೇಲೆ ಹುಡುಗರಿಗೂ ಬಂತು. ಕೋವಿಡ್ ಕಾಲದಲ್ಲಿ ನಿಂತಿತು. ಆ ಗೋಷ್ಠಿಯಲ್ಲಿ ಸೈಕಲ್ ಪ್ರಜ್ಞೆಯ ಬಗ್ಗೆ ಎರಡು ದಿನ ಮಾತಾಡಿದವರ ಬಾಯಲ್ಲಿ ಈ ಮಾತು ಒಮ್ಮೆಯೂ ಬರಲಿಲ್ಲ. ನಾನೂ ಎತ್ತಲಿಲ್ಲ, ಊಟದ ಸರದಿಯಲ್ಲಿದ್ದೆ.

3.3 ನದಿಕಣಿವೆ. ನಾರಿಹಳ್ಳ ಭೀಮಗಂಡಿಯಲ್ಲಿ ಬೆಟ್ಟ ಸೀಳಿಕೊಂಡು ಹೊರಬಿದ್ದು ದರೋಜಿ ಕೆರೆಗೆ ಹೋಗುತ್ತದೆ. ಅದರ ಜಾಡು ಹಿಡಿದು ದರೋಜಿ ದಾಟಿ, ಬುರ್ರಕಥೆಯ ಈರಮ್ಮನ ಊರು ಇದು ಎಂದು ಬರೆದುಕೊಳ್ಳುವಷ್ಟರಲ್ಲಿ ಚೈನು ಕಡಿಯಿತು.

ವರ್ಗೀಕರಣ ಇಲ್ಲಿಗೆ ಮುಗಿಯಿತು. ಚೈನಿಲ್ಲದ ಸೈಕಲ್ ತಳ್ಳುವವನಿಗೆ ಕಣಿವೆಯೂ ಒಂದೇ, ಮಲೆಯೂ ಒಂದೇ.

4. (ಶೀರ್ಷಿಕೆ ಇಟ್ಟಿಲ್ಲ)

ಕಂಪ್ಲಿ ಕಡೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಅದರ ಅಂಚಿನಲ್ಲೇ ತಳ್ಳಿಕೊಂಡು ಹೋದಾಗ ಬೇವಿನ ಮರದಡಿ ಒಂದು ಪಂಕ್ಚರ್ ಅಂಗಡಿ. ಮುದುಕ ಚೈನನ್ನು ಬೆರಳಿಗೆ ಸುತ್ತಿ, ಕೊಂಡಿ ಕೊಂಡಿಯಾಗಿ ಮಡಚಿ ನೋಡಿದ. ಮೂರು ಕೊಂಡಿ ಮಡಚಲೇ ಇಲ್ಲ, ತುಕ್ಕು.

'ಸಪ್ಪಳ ಮಾಡ್ತಿರಲಿಲ್ಲೇನು?'

'ಮಾಡ್ತಿತ್ತು.'

'ಮತ್ತ? ಅದು ಎಣ್ಣಿ ಕೇಳಾಕತ್ತಿತ್ತು.'

ನಾನು ಆನಂದವರ್ಧನನ ಹೆಸರೆತ್ತಲಿಲ್ಲ.

ಕಲ್ಲಿನ ಮೇಲೆ ಚೈನಿಟ್ಟು, ಮೊಳೆಯೂರಿ ಸುತ್ತಿಗೆಯಿಂದ ಎರಡೇ ಪೆಟ್ಟಿಗೆ ಪಿನ್ನು ಹೊರಗೆ ತೆಗೆದ. 'ಅಟ್ಲಾಸ್ ಸಾಮಾನು ಈಗ ಸಿಗಂಗಿಲ್ಲ' ಅಂದ. ಹೌದು. ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು. ವಿಶ್ವಸಂಸ್ಥೆ ವಿಶ್ವ ಸೈಕಲ್ ದಿನ ಎಂದು ಸಾರಿದ ದಿನವೂ ಅದೇ. ಅಣಕು ಬರೆಯುವವನಿಗೆ ಈ ದೇಶ ಮಾಡಲು ಏನೂ ಬಿಡುವುದಿಲ್ಲ.

'ಎಲ್ಲಿಂದ ಬಂದ್ರಿ?' 'ಡ್ಯಾಂ.' ಅವನು ತಲೆಯೆತ್ತಿ ನೋಡಿದ. 'ಅಲ್ಲೂ ಚೈನು ಕಡದಿತ್ತಲ್ಲ?'

2024ರ ಆಗಸ್ಟ್ 10ರ ರಾತ್ರಿ. ಮೂವತ್ಮೂರು ಕ್ರೆಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ಲಿಂಕ್ ತುಂಡಾಗಿ, ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ರೈತರು ಎರಡನೇ ಬೆಳೆಗೆ ಲೆಕ್ಕ ಹಾಕಿಟ್ಟಿದ್ದ ನೀರು ಕಣ್ಣೆದುರೇ ಹೋಯಿತು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿಗೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಇಳಿಸಿ, ವಾರದ ಹೊತ್ತಿಗೆ ಆ ಕಿಂಡಿ ಮುಚ್ಚಿದರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಒಡಲು ಹೂಳು ತುಂಬಿ ಈಗ 105ರ ಆಸುಪಾಸಿನಲ್ಲಿದೆ. ಹೂಳಿನ ಬಗ್ಗೆ ನಾವು ಎಷ್ಟು ಗೋಷ್ಠಿ ಮಾಡಿದ್ದೇವೆ! ಗೋಷ್ಠಿಗೆ ಬಂದವರಿಗೆ ಶಾಲು ಸಿಕ್ಕಿದೆ, ಹೂಳು ಅಲ್ಲೇ ಇದೆ.

ನಮಗೆ ಕಟ್ಟಲು ಬರುತ್ತದೆ, ಉದ್ಘಾಟಿಸಲು ಬರುತ್ತದೆ, ವ್ಯಾಖ್ಯಾನಿಸಲಂತೂ ಬಹಳ ಚೆನ್ನಾಗಿ ಬರುತ್ತದೆ. ಎಣ್ಣೆ ಹಾಕುವ ಕೆಲಸ ಬಂದಾಗ ಮಾತ್ರ ಹಿಂದಿನ ಬಾಗಿಲು ತೋರಿಸುತ್ತೇವೆ.

ಮುದುಕ ಇಪ್ಪತ್ತು ರೂಪಾಯಿ ತೆಗೆದುಕೊಂಡ. ಅವನ ಸೈಕಲ್ಲೂ ಅಲ್ಲೇ ಮರಕ್ಕೆ ಒರಗಿತ್ತು. ಕ್ಯಾರಿಯರ್‌ಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಹೋಗಿ ಬರುವುದು ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರಂತೆ, ನಲವತ್ತು ವರ್ಷದಿಂದ. ದೂರದ ಸವಾರಿ ಯಾವುದೆಂದು ನಾನು ಮುನ್ನೂರು ಶಬ್ದಗಳಲ್ಲಿ ನಿರೂಪಿಸಿಟ್ಟಿದ್ದೆ. ಆ ಪುಟ ಹರಿದು ಅವನಿಗೆ ಕೈ ಒರೆಸಿಕೊಳ್ಳಲು ಕೊಟ್ಟೆ.

5. ಉಪಸಂಹಾರ

ಕಮಲಾಪುರ, ಹಂಪಿ ಕತ್ತಲಲ್ಲಿ ಕಳೆದವು. ವಿಜಯನಗರದ ಕಾಲುವೆಗಳಲ್ಲಿ ಇವತ್ತಿಗೂ ಹರಿಯುವ ನೀರಿನ ಸದ್ದು ರಸ್ತೆಗೇ ಕೇಳುತ್ತಿತ್ತು, ಯಾಕೆಂದರೆ ಚೈನು ಸುಮ್ಮನಾಗಿತ್ತು.