ಡಯಟ್ ಮೇಷ್ಟ್ರು

ಪ್ರತಿ ಬಡಾವಣೆಗೂ ಒಬ್ಬ ಡಯಟ್ ಮೇಷ್ಟ್ರು ಇರುತ್ತಾರೆ. ಕೆಲಸ ಮಾಡಿ ನಿವೃತ್ತರಾದದ್ದು ಬ್ಯಾಂಕಿನಲ್ಲಿ. ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ಪಾಠ ಹೇಳುವುದರಿಂದ ಮೇಷ್ಟ್ರು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಸಾರಿದ್ದನ್ನು ಇವರು ತಮಗೇ ಬಂದ ರಿಜಿಸ್ಟರ್ಡ್ ಕಾಗದದ ಹಾಗೆ ಸಹಿ ಹಾಕಿ ಸ್ವೀಕರಿಸಿದರು. ಅಂದೇ ಸೋನಾ ಮಸೂರಿ ಗಡೀಪಾರು. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಡಬ್ಬ ತುಂಬಿದವು.

“ಇನ್ಮೇಲೆ ಸರಳ ಊಟ ಕಣೇ. ಮೈದಾ ಇಲ್ಲ, ಪ್ಯಾಕೆಟ್ ಇಲ್ಲ, ಪಾಲಿಶ್ ಇಲ್ಲ” ಎಂದು ಹೇಳಿ ಪೇಪರ್ ಹಿಡಿದು ಕೂತರು. ಸರಳ ಊಟಕ್ಕೆ ಕೊರಲೆಯನ್ನು ರಾತ್ರಿಯೇ ನೆನೆಹಾಕಬೇಕು, ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ನುಗ್ಗೆಸೊಪ್ಪು ಬಿಡಿಸಬೇಕು. ನುಗ್ಗೆಸೊಪ್ಪು ಬಿಡಿಸಿದವರಿಗೆ ಗೊತ್ತು ಅದರ ಸರಳತೆ.

ತೂಕದ ಮುಳ್ಳು ಮಾತ್ರ ಕದಲಲಿಲ್ಲ. ನೂರು ಗ್ರಾಂ ಅಕ್ಕಿಯಲ್ಲಾಗಲಿ ನವಣೆಯಲ್ಲಾಗಲಿ ಇರುವುದು ಹೆಚ್ಚುಕಡಿಮೆ 350 ಕ್ಯಾಲೊರಿ. ನವಣೆಯ ಹೆಚ್ಚುಗಾರಿಕೆ ಅದರ ನಾರಿನಲ್ಲಿ; ಬೇಗ ಹೊಟ್ಟೆ ತುಂಬುತ್ತದೆ. ತುಂಬಿದ ಮೇಲೆ ಏಳಬೇಕಾದವರು ನಾವು. ಮೇಷ್ಟ್ರ ಗಣಿತವೇ ಬೇರೆ: ಒಂದು ಬಟ್ಟಲು ಒಳ್ಳೆಯದಾದರೆ ಎರಡು ಬಟ್ಟಲು ಇನ್ನೂ ಒಳ್ಳೆಯದಲ್ಲವೇ? ಸಕ್ಕರೆ ವಿಷ, ಆದ್ದರಿಂದ ಪಾಯಸಕ್ಕೆ ಧಾರಾಳವಾಗಿ ಬೆಲ್ಲ. ಎರಡರ ಕ್ಯಾಲೊರಿಗೂ ದೊಡ್ಡ ಅಂತರವಿಲ್ಲವೆಂದರೆ ಸಿಟ್ಟು ಬರುತ್ತದೆ. ಎಣ್ಣೆ ಗಾಣದ್ದೆಂದು ತಿಳಿದ ದಿನದಿಂದ ಒಗ್ಗರಣೆಗೆ ಚಮಚ ಹೋಗಿ ಸೌಟು ಬಂತು. ಗಾಣದ್ದಾದರೂ ಎಣ್ಣೆ ಗ್ರಾಂಗೆ 9 ಕ್ಯಾಲೊರಿ ಕೊಟ್ಟೇ ಕೊಡುತ್ತದೆ. ಊಟದ ನಡುವೆ ಬಾಯಿಗೆ ಬೀಳುವ ಹುರಿದ ಕಡಲೆಕಾಯಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಅದು ‘ಪ್ರೋಟೀನು’.

“ರೀ, ಒಂದು ಮುದ್ದೆ, ಬಸ್ಸಾರು, ಒಂದಿಷ್ಟು ಕೋಸಂಬರಿ, ಮಜ್ಜಿಗೆ. ಅತ್ತೆ ದಿನಾ ಇದನ್ನೇ ಮಾಡ್ತಿದ್ರು. ನಿಮ್ಮಪ್ಪನಿಗೆ ಹೊಟ್ಟೆ ಇತ್ತಾ?” ಎಂದು ಮನೆಯಾಕೆ ಕೇಳಿದರು.

ಮೇಷ್ಟ್ರಿಗೆ ಮುದ್ದೆ ಕೇಳಿಸಿತು, ‘ಒಂದು’ ಕೇಳಿಸಲಿಲ್ಲ. ಅಪ್ಪ ಹೊಲ ಉಳುತ್ತಿದ್ದದ್ದಂತೂ ನೆನಪಿಗೇ ಬರಲಿಲ್ಲ. ಮೇಷ್ಟ್ರು ಉಳುವುದು ಮೊಬೈಲನ್ನು.

ಈ ಮಹನೀಯರು ಒಂದು ದಿನ ನಿಮ್ಮ ಮನೆಗೂ ಬರುತ್ತಾರೆ. “ಏನೂ ಬೇಡ, ಬರೀ ಬಿಸಿನೀರು ಸಾಕು” ಎನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ನಿಪ್ಪಟ್ಟಿನ ಡಬ್ಬ ಮುಂದಿಟ್ಟು ‘ರಾಗಿದು’ ಎಂದುಬಿಡಿ. ಡಬ್ಬ ಮಾತ್ರ ಸಣ್ಣದಿರಲಿ.